ಕುಡುಕನ ಪಾತ್ರ ಖಾಲಿ ಇದೆ

ಬಾಡಿಗೆ ಕೋಣೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿದ್ದೆ ಈಗ ಸರಿಯಾಗಿ ಬರುತ್ತಿದೆಯೇ? ನೀನು ಲೋಟದ ನೀರನ್ನು ಚೆಲ್ಲದೆ ಕುಡಿಯುತ್ತೀಯ ಎಂದು ನಿಮ್ಮ ಕೇಂದ್ರದ ನರ್ಸಮ್ಮ ಫೋನಿನಲ್ಲಿ ಹೇಳಿದರಂತೆ. ಅಮ್ಮ ಅದನ್ನು ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಮೊದಲು ಯಾಕೆ ಚೆಲ್ಲುತ್ತಿತ್ತು ಎಂಬುದೊಂದನ್ನು ಬಿಟ್ಟು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸರದಿ ಬಂದಾಗ ನೀನು ಎಲ್ಲರನ್ನೂ ಅಣಕಿಸಿ ನಗಿಸುತ್ತೀಯಂತೆ, ದೊಡ್ಡ ಡಾಕ್ಟರನ್ನೂ ಬಿಟ್ಟಿಲ್ಲವಂತೆ. ಕೇಳಿ ಸಂತೋಷವಾಯಿತು. ಹಿಂದೆಯೇ ಹೆದರಿಕೆಯೂ ಆಯಿತು. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು. ಅರ್ಧ ಓದಿ ಮಡಚಿಡುವುದು ನಿನ್ನ ಹಳೆಯ ಚಾಳಿ.

ಕೆಲಸ ಹೇಗಿದೆ ಎಂದು ನೀನು ಕೇಳಿದ್ದೆ. ನಾನು ವ್ಯಸನ ತಡೆಯುವ ಸಂಸ್ಥೆಗೆ ಸೇರುತ್ತೇನೆಂದಾಗ "ಅಲ್ವೇ ಗುಮ್ಮನಗುಸ್ಕಿ, ಬಾಯಿ ಬಿಡಕ್ಕೇ ನಾಚ್ಕೋತೀಯ, ನೀನು ಯಾರನ್ನೇ ತಡೀತೀಯ?" ಎಂದು ನಕ್ಕಿದ್ದೆಯಲ್ಲ, ಆ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಲಿಲ್ಲ. ಆಫೀಸು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲ ತುಂಬ ಹತ್ತಿಯ ಧೂಳು, ಒಳಗೆ ಫಿನಾಯಿಲ್ ವಾಸನೆ. ಮೊದಲ ದಿನ ನಾನು ಹೋದಾಗ ಆಫೀಸಿನ ಆಯಾ ಮೈ ತಿಕ್ಕುವ ಸ್ಪಂಜೊಂದನ್ನು ಕಪ್ಪು ಶಾಯಿಯಲ್ಲಿ ಅದ್ದಿ ಕಿಟಕಿಯಲ್ಲಿ ಇಡುತ್ತಿದ್ದರು. "ಮುಟ್ಬೇಡಮ್ಮ, ಬೀಡಿ ಸೇದೋನ ಶ್ವಾಸಕೋಶ ಇನ್ನೂ ಒಣಗಿಲ್ಲ" ಎಂದರು. ಒಣಗಿದ ಮೇಲೆ ಅದು ಗಾಜಿನ ಭರಣಿಯೊಳಗೆ ಕೂತು ಶಾಲೆಯಿಂದ ಶಾಲೆಗೆ ಹೋಗುತ್ತದೆ. ನಮ್ಮ ನಿರ್ದೇಶಕರ ಸಿದ್ಧಾಂತ ಸರಳ: "ಮಕ್ಕಳು ಹೆದರ್ಬೇಕಮ್ಮ. ಹೆದರದಿದ್ರೆ ಅಳಲ್ಲ, ಅಳದಿದ್ರೆ ಫೋಟೋ ಚೆನ್ನಾಗಿ ಬರಲ್ಲ." ಕಾರ್ಯಕ್ರಮ ಶುರುವಾಗುವ ಮೊದಲೇ ಅವರು ಸಾಲುಗಳ ನಡುವೆ ಓಡಾಡಿ, ಮುಖ ಬಾಡಿದ ಮಕ್ಕಳನ್ನು ಆರಿಸಿ ಮುಂದಿನ ಬೆಂಚಿಗೆ ತಂದು ಕೂರಿಸುತ್ತಾರೆ. ಸಂತೆಯಲ್ಲಿ ಬದನೆಕಾಯಿ ಆರಿಸುವವರಿಗೂ ಇಷ್ಟು ತಾಳ್ಮೆ ಇರುವುದಿಲ್ಲ.

ಆದರೆ ಭರಣಿಯಲ್ಲ, ನಮ್ಮ ನಿಜವಾದ ಆಕರ್ಷಣೆ ಮೇಸ್ತ್ರಿ. ಮೊದಲು ಗಾರೆ ಕೆಲಸ ಮಾಡುತ್ತಿದ್ದ, ಕುಡಿದು ಕುಡಿದು ಕೆಲಸ ಕಳೆದುಕೊಂಡ, ನೀನಿರುವಂಥದೇ ಕೇಂದ್ರದಲ್ಲಿದ್ದು ಕುಡಿತ ಬಿಟ್ಟ, ಮಿತಭಾಷಿ ಮನುಷ್ಯ. ಅವರು ವೇದಿಕೆಯ ಮೇಲೆ ಬಾಟಲಿ ಹಿಡಿದು, ಚಹಾದ ಬಣ್ಣದ ನೀರು ಕುಡಿದು, ತೂರಾಡಿ, ಬಿದ್ದು, ಎದ್ದು, ತಮ್ಮ ಕಥೆ ಹೇಳಬೇಕು. ಕಥೆಯನ್ನು ಬರೆದುಕೊಡುವುದು ನನ್ನ ಪಾಲಿಗೆ ಬಂದ ಕೆಲಸ. "ನೀನು ಸಾಹಿತ್ಯ ಓದ್ದೋಳು, ಸ್ವಲ್ಪ ಖಾರ ಹಾಕು" ಎಂದರು ನಿರ್ದೇಶಕರು. ಮೇಸ್ತ್ರಿ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಟ್ಟೆ. ಅದಕ್ಕೆ ನಿರ್ದೇಶಕರೇ ತಮ್ಮ ಕೈಯಿಂದ, ಹೆತ್ತ ತಾಯಿಯ ಕೆನ್ನೆಗೆ ಹೊಡೆದ ದೃಶ್ಯವೊಂದನ್ನು ಸೇರಿಸಿದರು. ಮೇಸ್ತ್ರಿ ಅದನ್ನು ಓದಿ ನನ್ನ ಹತ್ತಿರ ಬಂದು, "ನಾನು ಅಮ್ಮನ ಮೇಲೆ ಕೈ ಎತ್ಲಿಲ್ಲ ಕಣಮ್ಮ" ಎಂದರು, ನಾನೇನೋ ಸಾಕ್ಷಿ ಹೇಳಬಲ್ಲೆ ಎಂಬಂತೆ. ಆಮೇಲೆ ಹೋಗಿ ವೇದಿಕೆಯ ಮೇಲೆ ಹೊಡೆದರು. ನಿರ್ದೇಶಕರು ಚಪ್ಪಾಳೆ ತಟ್ಟಿದರು. ಬೆಕ್ಕಿಗೆ ಚೆಲ್ಲಾಟ ಎಂದು ಓದಿದ್ದೆ, ಇಲಿಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮಕ್ಕಳು ಅತ್ತರೇ ಎಂದು ಕೇಳುತ್ತೀಯ. ನಕ್ಕರು ಅಣ್ಣ! ಮೇಸ್ತ್ರಿ ಬಿದ್ದಾಗ ಬೆಂಚು ಬಡಿದು "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೂಗಿದರು. ಮತ್ತೆ ಬೀಳುವಂತೆ ನಿರ್ದೇಶಕರು ಕೈಸನ್ನೆ ಮಾಡಿದರು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಮೊಗಸಾಲೆಯ ಉದ್ದಕ್ಕೂ ಮಕ್ಕಳು ನೀರಿನ ಬಾಟಲಿ ಹಿಡಿದು ತೂರಾಡುವುದನ್ನು ಅಭ್ಯಾಸ ಮಾಡುತ್ತಿದ್ದರು. ಕುಡಿಯಬಾರದೆಂದು ಹೇಳಲು ಹೋದವರು ಕುಡಿದವನ ಹಾಗೆ ನಡೆಯುವುದನ್ನು ಶಾಲೆಗೆಲ್ಲ ಕಲಿಸಿ ಬಂದೆವು. ಮೇಸ್ತ್ರಿ ಮೊಣಕೈಯ ತರಚು ಗಾಯವನ್ನು ನಲ್ಲಿಯಲ್ಲಿ ತೊಳೆಯುತ್ತಿದ್ದರು. ಮುಂದಿನ ಬೆಂಚಿಗೆ ಆರಿಸಿ ತಂದಿದ್ದ ಹುಡುಗಿಯೊಬ್ಬಳು ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು: "ಮಿಸ್, ಈ ಅಂಕಲ್‌ಗೆ ಬಿದ್ರೆ ಪೆಟ್ಟಾಗಲ್ವಾ? ನಮ್ಮಪ್ಪಂಗೆ ಆಗುತ್ತೆ." ಅಷ್ಟರಲ್ಲಿ ಗುಂಪಿನ ಫೋಟೋಗೆ ಕರೆದರು. ಆ ಫೋಟೋದಲ್ಲಿ ನಾನೂ ಇದ್ದೇನೆ.

ಆ ಮಾತು ನಲ್ಲಿಯ ಹತ್ತಿರ ನಿಂತಿದ್ದ ಮೇಸ್ತ್ರಿಗೂ ಕೇಳಿಸಿತ್ತು. ಮಾರನೆಯ ದಿನದಿಂದ ಅವರು ಬರಲಿಲ್ಲ. ಮತ್ತೆ ಕುಡಿಯುತ್ತಿರಬೇಕೆಂದು ಆಫೀಸಿನಲ್ಲಿ ನಕ್ಕರು. ನಾನು ಹೋಗಿ ನೋಡಿದರೆ, ಬಸ್ ನಿಲ್ದಾಣದ ಹಿಂದೆ ಏಳುತ್ತಿರುವ ಕಟ್ಟಡದಲ್ಲಿ ಕರಣೆ ಹಿಡಿದು ಗಾರೆ ಮೆತ್ತುತ್ತಿದ್ದರು. "ದಿನಾ ಬಾಟ್ಲಿ ಕೈಗೆ ಕೊಡ್ತಾರಮ್ಮ. ನೀರೇ ಇರ್ಬೋದು, ಕೈಗೆ ಗೊತ್ತಾಗಲ್ವಲ್ಲ. ಸಂಜೆಯಾದ್ರೆ ಮೈಯೆಲ್ಲ ಎಳೀತಿತ್ತು" ಎಂದರು. ನನಗೆ ನೀನು ನೆನಪಾದೆ.

ಆ ಹುಡುಗಿಯ ಶಾಲೆಗೆ ಶುಕ್ರವಾರ ಒಬ್ಬಳೇ ಹೋದೆ. ಅವಳ ಟೀಚರನ್ನು ಕೇಳಿ, ಆಟದ ಸಾಮಾನಿಡುವ ಕೋಣೆಯಲ್ಲಿ ಅವಳ ಜೊತೆ ಕುಳಿತೆ. ಅಪ್ಪನನ್ನು ಬಾಗಿಲಿನಿಂದ ಮಂಚದವರೆಗೆ ಅವಳೇ ಎಳೆದು ತರುವುದಂತೆ. ನಾನು ಹೇಳಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಅಪ್ಪ ಕುಡಿಯುವುದು ಅವಳಿಂದಾಗಿ ಅಲ್ಲ, ಎತ್ತುವ ಭಾರ ಅವಳೊಬ್ಬಳದೂ ಅಲ್ಲ ಎಂದೆ. ಟೀಚರು ಅವಳ ಚಿಕ್ಕಮ್ಮನನ್ನು ಕರೆಸಿ ಮಾತಾಡಿದರು. ಹೊರಡುವಾಗ ಅವಳು "ಮತ್ತೆ ಬರ್ತೀರಾ?" ಎಂದಳು. ಇದೇ ನಾನು ಮಾಡಬೇಕಾದ ಕೆಲಸ ಎಂದು ಆಗ ಅನ್ನಿಸಿತು ಅಣ್ಣ, ಗುಮ್ಮನಗುಸ್ಕಿಯರಿಗೂ ಒಗ್ಗುವ ಕೆಲಸ. ನಿರ್ದೇಶಕರಿಗೆ ವಿಷಯ ತಿಳಿದಾಗ ಅವರು ಕೇಳಿದ್ದು ಒಂದೇ: "ಫೋಟೋ ಎಲ್ಲಿ?"

ಈಗ ಮೇಸ್ತ್ರಿಯ ಜಾಗ ಖಾಲಿ. ಸಂದರ್ಶನದಲ್ಲಿ ಈ ಕೆಲಸ ಯಾಕೆ ಬೇಕೆಂದು ಕೇಳಿದ್ದಾಗ ನಿನ್ನ ವಿಷಯ ಹೇಳಿದ್ದೆ. ನಿರ್ದೇಶಕರು ಅದನ್ನು ಮರೆತಿಲ್ಲ. "ಮನೇಲೇ ಇಂಥಾ ಕಲಾವಿದನ್ನ ಇಟ್ಕೊಂಡು ನಾವು ಹೊರಗೆ ಹುಡುಕ್ತಿದೀವಲ್ಲಮ್ಮ! ತಂಗಿ ಬರೆಯೋದು, ಅಣ್ಣ ಬೀಳೋದು. ಜನ ಕಣ್ಣೀರು ಹಾಕ್ತಾರೆ" ಎಂದರು. ಎಲ್ಲರ ಎದುರಿಗೆ ನಾನು "ಬೇಡ ಸರ್" ಎಂದೆ. ಹೌದು, ನಾನೇ, ಗಟ್ಟಿಯಾಗಿ. ಆಯಾ ಕಸಪೊರಕೆ ನಿಲ್ಲಿಸಿ ನೋಡಿದರು. ನಿರ್ದೇಶಕರು ನಕ್ಕು, "ಅದನ್ನ ನಿಮ್ಮಣ್ಣ ಹೇಳ್ಲಿ ಬಿಡು" ಎಂದರು. ನನಗೆ ಹೆದರಿಕೆ ಯಾಕೆಂದರೆ ನೀನು ಅದನ್ನು ಬಹಳ ಚೆನ್ನಾಗಿ ಮಾಡುತ್ತೀಯ. ಮೇಸ್ತ್ರಿಗಿಂತ ಚೆನ್ನಾಗಿ ಬೀಳುತ್ತೀಯ. ಮಕ್ಕಳು ಇನ್ನೊಮ್ಮೆ ಎಂದರೆ ಸಾಕು, ಇನ್ನೊಮ್ಮೆ ಬೀಳುತ್ತೀಯ.

ಅಮ್ಮ ನಿನಗೆಂದು ಉಣ್ಣೆಯ ಟೋಪಿ ಹೆಣೆಯುತ್ತಿದ್ದಾಳೆ. ಅಳತೆಗೆ ನನ್ನ ತಲೆ ಕೊಟ್ಟಿದ್ದೇನೆ, ಆದ್ದರಿಂದ ನಿನಗೆ ಬಿಗಿಯಾಗುವುದು ಖಂಡಿತ. ಬಯ್ಯದೆ ಹಾಕಿಕೋ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ಮಾತ್ರೆ ತಪ್ಪಿಸಬೇಡ. ನೀನು ಮನೆಗೆ ಬರುವ ದಿನವನ್ನೇ ನಾವಿಬ್ಬರೂ ಕಾಯುತ್ತಿದ್ದೇವೆ.

ನಿನ್ನ ಪ್ರೀತಿಯ ತಂಗಿ,
ಗುಮ್ಮನಗುಸ್ಕಿ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಆಯಾ ಫೋನ್ ಮಾಡಿದರು. ನಿರ್ದೇಶಕರು ಬುಧವಾರ ಕ್ಯಾಮರಾದವನ ಜೊತೆ ನಿನ್ನನ್ನು ನೋಡಲು ಬರುತ್ತಿದ್ದಾರಂತೆ. ಹಣ್ಣು ತರುತ್ತಾರೆ, ಹೊಗಳುತ್ತಾರೆ. ನೀನು ಒಪ್ಪಿದರೆ ಮಾತ್ರ ತಂಗಿಯ ಕೆಲಸ ಕಾಯಂ ಎಂದೂ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೂ ಒಪ್ಪಬೇಡ. ಆ ಹುಡುಗಿಯನ್ನು ನೋಡಲು ನಾನು ಕೆಲಸ ಇಲ್ಲದೆಯೂ ಹೋಗಬಲ್ಲೆ. ಚಹಾ ತರಿಸುವ ಮೊದಲೇ ಇಲ್ಲ ಎಂದುಬಿಡು ಅಣ್ಣಾ. ಒಬ್ಬರ ಚಹಾ ಕುಡಿದ ಮೇಲೆ ಅವರಿಗೆ ಇಲ್ಲ ಎನ್ನಲು ನಿನಗೆ ಬರುವುದಿಲ್ಲ.