ನಿಮ್ಮ ಪೋರ್ಟಲಿನಲ್ಲಿ ಕಡಲು ಇನ್ನೂ ದೂರದಲ್ಲಿದೆ

ಶಾಲೆಗಳ ಡಿಜಿಟಲ್ ಪಾಠಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ಒಂಬತ್ತನೇ ತರಗತಿಯ ನನ್ನ ಮಗಳು ಜೀವಿತಾ ಮಾಡಿದ ಭೂಗೋಳದ ಪ್ರಾಜೆಕ್ಟನ್ನು ನಿಮ್ಮ ಕಚೇರಿ ಕಳಮಶ್ಶೇರಿಯ ರಾಜ್ಯಮಟ್ಟದ ಪ್ರದರ್ಶನದಿಂದ ಹೊರಗಟ್ಟಿದೆ. ಕೊಟ್ಟ ಕಾರಣ ಒಂದೇ ಸಾಲು: ಅನುಮೋದಿತ ಪೋರ್ಟಲಿನ ಹೊರಗಿನ ಮೂಲಗಳನ್ನು ಬಳಸಲಾಗಿದೆ. ನಾನು ಇಂಗ್ಲಿಷಿನಲ್ಲಿ ಬರೆದೆ, ಸಹೋದ್ಯೋಗಿಯೊಬ್ಬರ ಕೈಯಲ್ಲಿ ಮಲಯಾಳದಲ್ಲೂ ಬರೆಸಿದೆ. ನೀವು ತುಟಿ ಪಿಟಕ್ಕೆನ್ನಲಿಲ್ಲ. ಆದ್ದರಿಂದ ಈಗ ತಿರುವನಂತಪುರದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಬೆಳೆದವಳಿಗೆ ಸಿಟ್ಟು ಸರಾಗವಾಗಿ ಬರುವುದು ಈ ಭಾಷೆಯಲ್ಲೇ. ನಿಮ್ಮ ಕಚೇರಿಯಲ್ಲಿ ಕಾಸರಗೋಡಿನ ಕನ್ನಡಿಗರೊಬ್ಬರು ಇದ್ದಾರಂತೆ, ಅವರು ಓದಿ ಹೇಳಲಿ. ಮೆತ್ತಗೆ ಮಾಡಿ ಹೇಳುವುದು ಮಾತ್ರ ಬೇಡ.

ಮೊದಲು ನಿಮ್ಮ ಪೋರ್ಟಲಿನ ಗುಣಗಾನ ಮಾಡಿಬಿಡುತ್ತೇನೆ. ನದಿಗಳ ವಿಡಿಯೋ ಒತ್ತಿದರೆ ಉಗಮಸ್ಥಾನದಲ್ಲೇ ನಿಂತುಬಿಡುತ್ತದೆ, ನದಿ ಹರಿಯುವುದೇ ಇಲ್ಲ. ಜ್ವಾಲಾಮುಖಿಯ ಕೊಂಡಿ ಒತ್ತಿದರೆ ಯಾವುದೋ ಕಲ್ಯಾಣಮಂಟಪದ ಬುಕಿಂಗ್ ಪುಟ ತೆರೆಯುತ್ತದೆ. ರಸಪ್ರಶ್ನೆಯಲ್ಲಿ ಪ್ಲೂಟೊ ಇನ್ನೂ ಒಂಬತ್ತನೇ ಗ್ರಹವಾಗಿಯೇ ಕೆಲಸದಲ್ಲಿದೆ, ಅದಕ್ಕೆ ನಿವೃತ್ತಿಯ ಆದೇಶ ತಲುಪಿಲ್ಲ. ಇದನ್ನು ಬಿಟ್ಟು ಬೇರೇನೂ ನೋಡಕೂಡದು ಎಂದು ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟುತ್ತೀರಲ್ಲ, ಇಡೀ ಭೂಮಿಯ ಉಪಗ್ರಹ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿದ್ದಿರುವಾಗ, ಇದು ಯಾವ ಸೀಮೆಯ ಭೂಗೋಳ? ಹವಾಮಾನ ರಾಡಾರು, ಉಬ್ಬರವಿಳಿತದ ವೇಳಾಪಟ್ಟಿ, ಹಳೆಯ ಭೂಪಟಗಳು, ಊರ ಟಿವಿ ಚಾನೆಲ್ಲಿನ ಹಳೇ ಸುದ್ದಿ ತುಣುಕುಗಳು ಎಲ್ಲವೂ ಒಂದು ಫೋನಿನಲ್ಲಿ ಸಿಗುತ್ತವೆ. ಹುಡುಕಲು ಹೇಳಿಕೊಡುವುದು ನಿಮ್ಮ ಕೆಲಸವಾಗಿತ್ತು. ನೀವು ಬಾಗಿಲು ಹಾಕುವ ಕೆಲಸ ವಹಿಸಿಕೊಂಡಿದ್ದೀರಿ.

ಜೀವಿತಾ ಇವನ್ನೆಲ್ಲ ತಾನೇ ಹುಡುಕಿದಳು. ಕಳಕ್ಕೂಟಂನ ನಮ್ಮ ಫ್ಲ್ಯಾಟಿನಿಂದ ಬಸ್ಸಿನಲ್ಲಿ ಹೋಗಬಹುದಾದ ಒಂದು ಕಡಲತೀರ ಹೇಗೆ ಕರಗುತ್ತಿದೆ ಎಂಬುದು ಅವಳ ವಿಷಯ. ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು. ಉಬ್ಬರದ ಹೊತ್ತಿನ ಚಿತ್ರವನ್ನು ಇಳಿತದ ಹೊತ್ತಿನ ಚಿತ್ರಕ್ಕೆ ಹೋಲಿಸಿದರೆ ಮೋಸವಾಗುತ್ತದೆಂದು ವೇಳಾಪಟ್ಟಿ ನೋಡಿ ಹೊಂದಿಸಿದಳು. ಆಮೇಲೆ ಟೇಪು ಹಿಡಿದು ತೀರಕ್ಕೇ ಹೋಗಿ, ಅಳೆದು ಬಂದು ಈಗಿನ ತೀರದ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದಳು. ನಾನು ಇಲ್ಲಿನ ಕೇಂದ್ರ ಸಂಸ್ಥೆಯೊಂದರಲ್ಲಿ ಉಪಗ್ರಹ ಚಿತ್ರ ಓದುವವಳು. ಎಷ್ಟೇ ಚಂದದ ಚಿತ್ರವಿದ್ದರೂ ಸ್ಥಳಕ್ಕೆ ಹೋಗಿ ನೋಡಿ ಬರುವವರೆಗೆ ನಾವು ಅದನ್ನು ನಂಬುವುದಿಲ್ಲ, ಎಲ್ಲಿಂದ ಬಂತು ಎಂದು ಕೆಳಗೆ ಬರೆಯದ ಚಿತ್ರವನ್ನು ಮೇಜಿನ ಮೇಲೆ ಇಡುವುದೂ ಇಲ್ಲ. ಅದೇ ರೂಢಿಯಲ್ಲಿ ಮಗಳಿಗೂ ಪ್ರತಿ ಚಿತ್ರದಡಿ ಮೂಲ, ತಾರೀಕು, ಉಬ್ಬರದ ಮಟ್ಟ ಎಲ್ಲ ಬರೆ ಎಂದೆ. ಅವಳು ಪಾಪ, ಒಂದನ್ನೂ ಬಿಡದೆ ಬರೆದಳು.

ಸಿಕ್ಕಿಬಿದ್ದಿದ್ದು ಅಲ್ಲೇ ನೋಡಿ. ನಿಮ್ಮ ಕಚೇರಿಗೆ ಫೋನು ಮಾಡಿದರೆ ಗುಮಾಸ್ತರು ಬಹಳ ವಿಶ್ವಾಸದಿಂದ ಮಾತಾಡಿದರು. "ಮ್ಯಾಡಂ, ಸೋರ್ಸ್ ಪೋರ್ಟಲ್ ಎನ್ನ್ ಎಳುದಿಯಾಲ್ ಮದಿ" ಎಂದರು. ಮೂಲ ಪೋರ್ಟಲ್ ಅಂತ ಬರೆದರೆ ಸಾಕಂತೆ, ಎಲ್ಲರೂ ಹಾಗೇ ಮಾಡುತ್ತಾರಂತೆ. ಎಲ್ಲಿಂದಲೋ ಎತ್ತಿದ ಚಿತ್ರಗಳಿಗೆ ಪೋರ್ಟಲಿನ ಹೆಸರು ಬರೆದ ಮಕ್ಕಳೆಲ್ಲ ಕಳಮಶ್ಶೇರಿಗೆ ಹೊರಟಿದ್ದಾರೆ. ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ, ಸುಳ್ಳು ಬರೆಯುವುದನ್ನು ಅವರಿಗೆ ಕಲಿಸಿದ್ದು ನೀವು. ನಿಜ ಬರೆದ ನನ್ನ ಮಗಳು ಮನೆಯಲ್ಲಿ ಕೂತಿದ್ದಾಳೆ. ನನಗೆ ಹೊಟ್ಟೆ ಉರಿಯುತ್ತಿದೆ, ಮುಚ್ಚಿಟ್ಟುಕೊಳ್ಳುವುದಿಲ್ಲ.

ಅವಳ ಭೂಗೋಳದ ಟೀಚರ್ ಸ್ಟೆಲ್ಲಾ ಅವರೂ ಹೆದರಿದ್ದರು. ನಿಮ್ಮವರು ಅವರಿಗೆ ಒಂದು ಉಪಾಯ ಹೇಳಿದ್ದರಂತೆ: ಪೋರ್ಟಲಿನ ನಕ್ಷೆಯಲ್ಲಿರುವ ಹಾಗೇ ತೀರದ ಗೆರೆ ಬರೆದುಕೊಟ್ಟರೆ ಮರುಪರಿಶೀಲಿಸಬಹುದು ಎಂದು. ಆ ನಕ್ಷೆ ಯಾವ ಕಾಲದ್ದೆಂದು ಅದರ ಮೇಲೆ ಬರೆದಿಲ್ಲ. ಅದರಲ್ಲಿ ತೀರದುದ್ದಕ್ಕೂ ರಸ್ತೆಯಿದೆ, ರಸ್ತೆಗೂ ಕಡಲಿಗೂ ನಡುವೆ ಸಾಲು ಮನೆಗಳಿವೆ. ಜೀವಿತಾ ಟೇಪು ಹಿಡಿದು ನಿಂತಲ್ಲಿ ರಸ್ತೆಯ ಅರ್ಧ ಮಾತ್ರ ಉಳಿದಿತ್ತು, ಮನೆಗಳಿದ್ದ ಕಡೆ ನೀರಿತ್ತು. ಟೀಚರ್ ಈ ಉಪಾಯವನ್ನು ಫೋನಿನಲ್ಲಿ ಹೇಳಿ ಇಟ್ಟ ಮೇಲೆ ಜೀವಿತಾ ರಬ್ಬರು ತೆಗೆದುಕೊಂಡು ನನ್ನ ಮುಖ ನೋಡಿದಳು. ನಮ್ಮ ಕನ್ನಡವೆಲ್ಲ ತಿಳಿದರೂ ಅವಳು ಉತ್ತರ ಕೊಡುವುದು ಮಲಯಾಳದಲ್ಲೇ. "ಅಮ್ಮಾ, ಕಡಲಿನೆ ಪುರಗೋಟ್ಟ್ ಮಾಟ್ಟಟ್ಟೆ?" ಕಡಲನ್ನು ಹಿಂದಕ್ಕೆ ಸರಿಸಲಾ ಎಂದು ಕೇಳಿದಳು. ಏನು ಮಾಡಬೇಕೆಂದು ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ, ಮಾನ್ಯರೇ. ಮುಟ್ಟಿದರೆ ನೋಡು ಎಂದು ಗದರಿದೆ, ಆಮೇಲೆ ಇಬ್ಬರೂ ಅತ್ತೆವು.

ಮರುದಿನ ಸ್ಟೆಲ್ಲಾ ಟೀಚರ್ ಮನೆಗೇ ಬಂದರು. "ಮೋಳೇ, ಆ ಗೆರೆ ಅಳಿಸಿದ್ಯಾ?" ಎಂದು ಒಳಗೆ ಬರುತ್ತಲೇ ಜೀವಿತಾಳನ್ನು ಮಲಯಾಳದಲ್ಲಿ ಕೇಳಿದರು. ಇಲ್ಲ ಎಂದಾಗ ಧೊಪ್ಪನೆ ಕೂತರು. "ಅಳಿಸಬೇಡ. ನಾನು ಹೇಳಬಾರದಿತ್ತು. ಆ ಮನೆಗಳ ಸಾಲಿನಲ್ಲಿ ನಮ್ಮಮ್ಮನ ಮನೆಯೂ ಇತ್ತು."

ಈಗ ನನ್ನ ಬೇಡಿಕೆ ಕೇಳಿ. ಜೀವಿತಾಳ ಪ್ರಾಜೆಕ್ಟನ್ನು, ಅವಳು ಬರೆದ ಒಂದು ಮೂಲವನ್ನೂ ತೆಗೆಸದೆ, ಪ್ರದರ್ಶನದೊಳಗೆ ಇಡಿಸಿ. ಪೋರ್ಟಲಿನ ಆ ನಕ್ಷೆಯನ್ನು ಸರಿಪಡಿಸಿ, ಆಗದಿದ್ದರೆ ಕಿತ್ತುಹಾಕಿ. ಮಕ್ಕಳು ಏನು ನೋಡಬೇಕೆಂಬುದನ್ನು ಪಾಠ ಮಾಡುವವರಿಗೆ ಬಿಡಿ. ಇಲ್ಲವಾದರೆ ಪ್ರದರ್ಶನದ ದಿನ ನಾವು ರೈಲು ಹತ್ತಿ ಬರುತ್ತೇವೆ. ಕಳಮಶ್ಶೇರಿಯಲ್ಲಿ ನಿಮ್ಮ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ಮೇಜು ಹಾಕಿ ಜೀವಿತಾ ತನ್ನ ಚಿತ್ರಗಳನ್ನು ಇಡುತ್ತಾಳೆ. ಪೊಲೀಸರನ್ನು ಕರೆಸುವುದಾದರೆ ಕರೆಸಿ, ಅವರಿಗೂ ವಿವರಿಸುತ್ತಾಳೆ. ಟೀಚರ್ ರಜೆ ಹಾಕಿದ್ದಾರೆ, ತಾಯಿಯನ್ನೂ ಕರೆತರುತ್ತಾರೆ. ಆ ಅಮ್ಮಚ್ಚಿ ಎರಡು ಮಳೆಗಾಲದಿಂದ ಮನೆ ಕಳೆದುಕೊಂಡವರ ಪರಿಹಾರ ಶಿಬಿರದ ಕೋಣೆಯೊಂದರಲ್ಲಿದ್ದಾರೆ. ನೀವು ದಯವಿಟ್ಟು ಗೇಟಿನ ಹೊರಗೆ ಬಂದು, ನಿಮ್ಮ ನಕ್ಷೆಯಲ್ಲಿ ಅವರ ಮನೆಯನ್ನು ಬೆರಳಿಟ್ಟು ತೋರಿಸಿ, ಅಮ್ಮಚ್ಚೀ ಇನ್ನು ಮನೆಗೆ ಹೋಗಿ ಎಂದು ಅವರಿಗೆ ಹೇಳಬೇಕು.

ಇಂತಿ,
ಮಗಳಿಗೆ ನಿಜ ಬರೆಯಲು ಹೇಳಿ ಕೆಡಿಸಿದ, ಮುಂದೆಯೂ ಕೆಡಿಸಲಿರುವ ತಾಯಿ,
ಇಂದುಮತಿ, ಕಳಕ್ಕೂಟಂ