ನಲವತ್ತು ನಿಮಿಷದಲ್ಲಿ ಮೂರು ಪಂಕ್ತಿ

ಭವಾನಿ ಪೇಟೆ, ಪುಣೆ
ಮಾರ್ಚ್ ೧೯೩೬

ಪುಣೆಯ ರವಿವಾರ ಕ್ರಿಕೆಟ್ ಸ್ಪರ್ಧೆಯ ಗೌರವ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ನಮ್ಮ ಕನ್ನಡ ಮಿತ್ರ ಮಂಡಳಿಯ ತಂಡವನ್ನು ಬರುವ ವರ್ಷದ ಸ್ಪರ್ಧೆಯಿಂದ ಕೈಬಿಟ್ಟಿರುವುದಾಗಿ ತಾವು ಕಳಿಸಿದ ನೋಟೀಸು ತಲುಪಿತು. ‘ಆಟದ ಮಟ್ಟ ಕಾಯುವ ಸಲುವಾಗಿ’ ಎಂದು ಕಾರಣ ಕೊಟ್ಟಿದ್ದೀರಿ. ನೋಟೀಸು ಇಂಗ್ಲಿಷಿನಲ್ಲಿತ್ತು, ನಾನು ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ, ಉತ್ತರ ಬರೆಯುತ್ತಿದ್ದೇನೆ. ಓದಿ ಹೇಳುವವರು ಬೇಕಾದರೆ ನಮ್ಮ ಆಟಗಾರರಲ್ಲಿ ಯಾರನ್ನಾದರೂ ಕರೆಸಿಕೊಳ್ಳಿ. ತಮ್ಮ ಕೃಪೆಯಿಂದ ಇನ್ನು ಮುಂದೆ ಅವರಿಗೆ ರವಿವಾರ ಪೂರ್ತಿ ಬಿಡುವು.

ನಾನು ಬೆಲ್ಲದ ವ್ಯಾಪಾರಿ. ಜನ್ಮದಲ್ಲಿ ಬ್ಯಾಟು ಹಿಡಿದವನಲ್ಲ. ಆದರೆ ಈ ತಂಡ ಆಡುವ ದಿನ ಅಂಗಡಿಗೆ ಬೀಗ ಜಡಿದು, ಕೊಡೆ ಹಿಡಿದು, ಗಡಿಗೆರೆಯ ಹತ್ತಿರ ಗೋಣಿಚೀಲ ಹಾಸಿಕೊಂಡು ಕುಳಿತವನು. ಆದ್ದರಿಂದ ಸತ್ಯವನ್ನು ಮುಚ್ಚಿಡುವುದಿಲ್ಲ. ಈ ವರ್ಷ ಆಡಿದ ಪಂದ್ಯಗಳನ್ನೆಲ್ಲ ಸೋತೆವು. ಒಂದು ಪಂದ್ಯ ಸಮವಾಗುವ ಹಾಗಿತ್ತು, ಅದನ್ನೂ ಪ್ರಯತ್ನಪಟ್ಟು ಸೋತೆವು.

ತಾವು ಆಟದ ಮಟ್ಟ ಕಾಯುತ್ತೀರಿ, ಸಂತೋಷ. ಆದರೆ ಕೊನೆಯ ಸ್ಥಾನ ಎಂಬುದು ನಾವು ಮನೆಯಿಂದ ಕಟ್ಟಿಕೊಂಡು ಬಂದದ್ದೇ? ನಾವು ಹೋದರೂ ಅದು ತಮ್ಮಲ್ಲಿಯೇ ಉಳಿಯುತ್ತದೆ. ಬೇರೆ ಯಾರನ್ನಾದರೂ ಅಲ್ಲಿ ಕೂಡಿಸಲೇಬೇಕು. ಮರುವರ್ಷ ಅವರನ್ನೂ ಕೈಬಿಡುತ್ತೀರಿ. ಹೀಗೇ ಮಟ್ಟ ಏರುತ್ತ ಏರುತ್ತ ಕಡೆಗೆ ಒಂದೇ ತಂಡ ಉಳಿದು, ತನಗೆ ತಾನೇ ಚೆಂಡು ಎಸೆದುಕೊಂಡು, ತಮ್ಮ ಕೈಯಿಂದ ಬಹುಮಾನದ ಢಾಲು ಪಡೆಯುವ ದಿನ ಬರುತ್ತದೆ. ಆ ಸಮಾರಂಭಕ್ಕೆ ಚಪ್ಪಾಳೆ ಹೊಡೆಯಲು ಯಾರು ಬರುತ್ತಾರೆ? ಈ ವರ್ಷ ಢಾಲು ಗೆದ್ದವರೂ ನಮ್ಮನ್ನು ಸೋಲಿಸಿಯೇ ಮುಂದೆ ಹೋದವರಲ್ಲವೇ? ಅವರು ನಮಗೊಂದು ಉಪಕಾರದ ಮಾತನ್ನೂ ಹೇಳಲಿಲ್ಲ, ಇರಲಿ.

ಇನ್ನು ಸೋಲಿನ ಕಾರಣ. ಬೇರೆಯವರ ಮೈದಾನದಲ್ಲಿ ಸೋತದ್ದು ನಮ್ಮ ಬ್ಯಾಟಿಂಗಿನ ದೋಷ, ಅದರಲ್ಲಿ ತಮ್ಮ ಮೇಲೆ ತಕರಾರಿಲ್ಲ. ನಮ್ಮ ಮೈದಾನದ ಸೋಲಿಗೆ ಮಾತ್ರ ತಮ್ಮ ನಿಯಮವೇ ಹೊಣೆ. ಮಧ್ಯಾಹ್ನದ ಬಿಡುವು ನಲವತ್ತು ನಿಮಿಷ, ಊಟದ ವ್ಯವಸ್ಥೆ ಮೈದಾನದವರದು ಎಂದು ಬರೆದವರು ತಾವು. ಉಳಿದ ತಂಡದವರು ಚಿವಡಾ, ಚಹಾ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮವರಿಂದ ಅದು ಆಗದ ಮಾತು. ಬಂದ ಅತಿಥಿಗಳನ್ನು ಚಿವಡಾ ಕೊಟ್ಟು ಕಳಿಸಿದರಂತೆ ಎಂಬ ಸುದ್ದಿ ಧಾರವಾಡ ಮುಟ್ಟಿದರೆ, ಬೀಗರ ಎದುರು ಮುಖ ಎತ್ತಿ ಮಾತಾಡುವುದು ಹೇಗೆ?

ನಮ್ಮ ತಂಡದಲ್ಲಿ ಅರ್ಧ ಜನ ನನ್ನಂತೆ ಪೇಟೆಯಲ್ಲಿರುವ ಲಿಂಗಾಯತರು, ಇನ್ನರ್ಧ ಸರಕಾರಿ ಕಚೇರಿಗಳ ಬ್ರಾಹ್ಮಣ ಗುಮಾಸ್ತರು. ಆಡುವಾಗ ಒಂದು ತಂಡ, ಉಣ್ಣುವಾಗ ಎರಡು. ನಮ್ಮ ಬೌಲರ್ ಮಲಕಪ್ಪ. ಅವನ ತಾಯಿ ಕಲ್ಲವ್ವ ಒಂದು ಒಲೆ ಹೂಡುತ್ತಾಳೆ. ವಿಕೆಟ್ ಕೀಪರ್ ಪ್ರಲ್ಹಾದರಾಯರು. ಅವರ ತಾಯಿ ಗೋದಾಬಾಯಿ ಇನ್ನೊಂದು ಒಲೆ ಹೂಡುತ್ತಾರೆ. ನೆರಳಿಗೆ ಇರುವುದು ಒಂದೇ ಬೇವಿನ ಮರ. ಅದರ ಕೆಳಗೆ ಮೊದಲ ಪಂಕ್ತಿ ಅತಿಥಿಗಳದು. ಅವರಲ್ಲಿಯೂ ಪಂಕ್ತಿಭೇದ ಇತ್ತೋ ಏನೋ, ಗೋದಾಬಾಯಿಯವರ ಹೋಳಿಗೆ ಕಂಡ ಮೇಲೆ ಯಾರಿಗೂ ನೆನಪಾಗಲಿಲ್ಲ. ಇನ್ನೊಂದು ಹಾಕಿಸಿಕೊಳ್ಳಿ ಎಂದು ನಮ್ಮವರ ಒತ್ತಾಯ, ಸಾಕು ಎಂದು ಅವರ ಕೈ ಅಡ್ಡ. ಇದರಲ್ಲೇ ಅರ್ಧ ಬಿಡುವು ಮುಗಿಯುತ್ತಿತ್ತು. ಎರಡನೆಯ ಪಂಕ್ತಿ ನಮ್ಮ ಪೇಟೆಯವರದು. ಅವರು ಎದ್ದ ಮೇಲೆ ನೀರು ಹೊಡೆದು, ನೆಲ ಸಾರಿಸಿ, ಗುಮಾಸ್ತರ ಪಂಕ್ತಿಗೆ ಎಲೆ ಹಾಕುವಷ್ಟರಲ್ಲಿ ತಮ್ಮ ಅಂಪೈರರು ಗಂಟೆ ಬಾರಿಸುತ್ತಿದ್ದರು. ಆಮೇಲೆ ಮೈದಾನಕ್ಕಿಳಿಯುವ ನಮ್ಮ ತಂಡವನ್ನು ತಾವು ಒಮ್ಮೆಯಾದರೂ ನೋಡಬೇಕಿತ್ತು. ಗಬಗಬ ಉಂಡವರು ಬಗ್ಗಲಾರರು, ಉಣ್ಣದವರು ಓಡಲಾರರು. ಚೆಂಡು ಇಬ್ಬರ ನಡುವೆ ಸುಖವಾಗಿ ಗಡಿ ದಾಟುತ್ತಿತ್ತು.

ಕೊನೆಯ ಪಂದ್ಯ ಕಸಬಾ ಪೇಟೆಯವರ ಜೊತೆ, ನಮ್ಮ ಮೈದಾನದಲ್ಲಿ. ಅಂದು ಮಲಕಪ್ಪ ಯಾರ ಮುಖ ನೋಡಿ ಎದ್ದಿದ್ದನೋ, ಅವನು ಹೊಡೆದ ಚೆಂಡನ್ನು ಪಕ್ಕದ ದನದ ಕೊಟ್ಟಿಗೆಯಿಂದ ಹುಡುಕಿ ತರಬೇಕಾಯಿತು. ಊಟದ ಹೊತ್ತಿಗೆ ನಮ್ಮ ಬ್ಯಾಟಿಂಗು ಮುಗಿದು, ಲೆಕ್ಕ ನೂರು ದಾಟಿತ್ತು. ಗೆಲ್ಲಬಹುದು ಎಂಬ ಮಾತು ಆ ಮರದ ಕೆಳಗೆ ಮೊದಲ ಸಲ ಕೇಳಿಬಂತು. ಅತಿಥಿಗಳು ಮಾತ್ರ ಆರಾಮವಾಗಿ ಎರಡೆರಡು ಸಲ ಮಜ್ಜಿಗೆ ಹಾಕಿಸಿಕೊಂಡು ಎದ್ದರು. ನಮ್ಮ ಹನ್ನೊಂದು ಜನ ಖಾಲಿ ಹೊಟ್ಟೆಯಲ್ಲಿ ನಿಂತಿದ್ದರು, ಅಂಪೈರರು ಆಗಲೇ ಗಡಿಯಾರ ತೆಗೆದು ನೋಡುತ್ತಿದ್ದರು. ಗೋದಾಬಾಯಿ ಅಂಪೈರರನ್ನು ನೋಡಿದರು, ಮಗನ ಬಾಡಿದ ಮುಖ ನೋಡಿದರು, ಸೌಟು ಹಿಡಿದೇ ಮುಂದೆ ಬಂದರು.

“ಹೊತ್ತಾತು, ಎಲ್ಲಾರೂ ಒಮ್ಮೆಲೆ ಕೂಡ್ರಿ,” ಎಂದರು. “ಯಾವ ಎಲೀ ಯಾರದು ಅಂತ ನಾ ನೋಡೂದಿಲ್ಲ.”

ಯಾರೂ ಅಲುಗಲಿಲ್ಲ. ಕಲ್ಲವ್ವ ತನ್ನ ರೊಟ್ಟಿಯ ಬುಟ್ಟಿ ಎತ್ತಿ ತಂದು ಹೋಳಿಗೆಯ ಪಾತ್ರೆಯ ಮಗ್ಗುಲಲ್ಲಿ ಇಟ್ಟಳು. ನಿಂತು ಏನು ನೋಡುತ್ತೀರಿ ಎಂದು ಗದರಿದಳು. ಆಗ ಕುಳಿತರು. ಕಲ್ಲವ್ವನ ಬದನೆಕಾಯಿಯ ವಾಸನೆಯನ್ನಷ್ಟೇ ಇಷ್ಟು ದಿನ ಉಂಡಿದ್ದ ಪ್ರಲ್ಹಾದರಾಯರು ತಲೆ ತಗ್ಗಿಸಿ ಒಂದು ರೊಟ್ಟಿ ಕೇಳಿದರು. ಅವಳು ಎರಡು ಹಾಕಿದಳು. ಗೋದಾಬಾಯಿ ಬೇವಿನ ಕೊಂಬೆ ನೋಡುತ್ತಲೇ ಮಲಕಪ್ಪನ ಹೋಳಿಗೆಗೆ ತುಪ್ಪ ಬಡಿಸಿದರು, ಒಂದು ಹನಿಯೂ ಎಲೆಯ ಹೊರಗೆ ಬೀಳಲಿಲ್ಲ. ಕೊನೆಯಲ್ಲಿ ಒಂದು ಎಲೆ ಉಳಿದಿತ್ತು, ನಾನು ಕುಳಿತೆ. ಆಡುವವನಲ್ಲದಿದ್ದರೂ ಯಾರೂ ಏಳಿಸಲಿಲ್ಲ. ಸುಳ್ಳೇಕೆ, ನನ್ನ ಮದುವೆಯ ಊಟದಲ್ಲಿಯೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಗಂಟೆ ಬಾರಿಸಿದಾಗ ನಮ್ಮ ಹನ್ನೊಂದೂ ಜನ ಹೊಟ್ಟೆ ತುಂಬ ಉಂಡು ಸಿದ್ಧರಾಗಿದ್ದರು. ಬಗ್ಗಿದರು, ಓಡಿದರು, ಹಿಡಿದರು. ಸಂಜೆಯ ಹೊತ್ತಿಗೆ ಕಸಬಾ ಪೇಟೆಯ ಒಂದೇ ವಿಕೆಟ್ಟು ಉಳಿದಿತ್ತು, ಅವರಿಗೆ ಬೇಕಾದದ್ದು ಎರಡು ರನ್ನು. ಮಲಕಪ್ಪ ಎಸೆದ ಚೆಂಡನ್ನು ಆ ಕಡೆಯ ಆಟಗಾರ ಕಣ್ಣು ಮುಚ್ಚಿ ಬೀಸಿದ. ಚೆಂಡು ನೇರ ಮೇಲಕ್ಕೆ ಹೋಯಿತು. ಕೆಳಗೆ ಒಂದು ಕಡೆಯಿಂದ ಮಲಕಪ್ಪ ಓಡಿ ಬಂದ, ಇನ್ನೊಂದು ಕಡೆಯಿಂದ ಪ್ರಲ್ಹಾದರಾಯರು. ಹಿಂದಿನ ರವಿವಾರವಾಗಿದ್ದರೆ ಒಬ್ಬ ಇನ್ನೊಬ್ಬನನ್ನು ತಳ್ಳಿಯಾದರೂ ಹಿಡಿಯುತ್ತಿದ್ದ. ಅಂದು ಒಂದೇ ಪಂಕ್ತಿಯಲ್ಲಿ ಉಂಡು ಬಂದವರು.

“ರಾಯರ, ನೀವ ಹಿಡೀರಿ,” ಎಂದ ಮಲಕಪ್ಪ.

“ಛೇ, ನಿಮ್ಮ ಚೆಂಡ ಅದು ಮಲಕಪ್ಪನವರ. ನೀವ ಹಿಡೀರಿ,” ಎಂದರು ರಾಯರು.

ಚೆಂಡು ಇಬ್ಬರ ನಡುವೆ ಬಿತ್ತು. ಕಸಬಾ ಪೇಟೆಯವರು ಎರಡು ರನ್ನು ಓಡಿ ಗೆದ್ದರು. ಇವರಿಬ್ಬರೂ ಸ್ವಲ್ಪ ಹೊತ್ತು ಚೆಂಡನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಗಲು ತೊಡಗಿದರು. ಗೆದ್ದೆವೇ ಎಂದು ಕಲ್ಲವ್ವ ಕೇಳಿದಳು. ಹೆಚ್ಚೂ ಕಡಿಮೆ ಗೆದ್ದ ಹಾಗೆಯೇ ಎಂದೆ.

ತಮ್ಮ ನೋಟೀಸು ಬಂದ ಮೇಲೆ ನಾನು ಒಂದು ಉಪಾಯ ಮಾಡಿದೆ. ಯುಗಾದಿಗೆ ಎಲ್ಲರೂ ನಮ್ಮ ಮನೆಯಲ್ಲಿ ಹಾಗೆಯೇ ಒಟ್ಟಿಗೆ ಕೂಡೋಣ ಎಂದು ಗೋದಾಬಾಯಿಯವರನ್ನು ಕರೆದೆ. ಅವರು ನಕ್ಕರು, ಬೇಸರಪಟ್ಟುಕೊಳ್ಳಬೇಡಿ ಎಂದರು. “ಮನ್ಯಾಗ ಆಗೂದಿಲ್ರಿ ಕಾಂತಪ್ಪನವರ, ಮಂದಿ ನೋಡತಾರ. ಮುಂದಿನ ವರ್ಷ ಮ್ಯಾಚ್ ಇದ್ದಾಗ ಕೂಡೋಣಂತ.”

ಅವರಿಗೆ ನೋಟೀಸಿನ ಸುದ್ದಿ ಗೊತ್ತಿರಲಿಲ್ಲ. ಆಗಲಿ ಎಂದು ಮನೆಗೆ ಬಂದು ಈ ಪತ್ರ ಬರೆಯಲು ಕುಳಿತೆ. ಈ ಊರಿನಲ್ಲಿ ನಾವು ಕನ್ನಡದವರು ಒಟ್ಟಿಗೆ ಕುಳಿತು ಉಂಡ ಜಾಗ ಅದೊಂದೇ, ಮಾನ್ಯರೇ. ಅದನ್ನೇ ತಾವು ಮಟ್ಟದ ಹೆಸರಿನಲ್ಲಿ ಎತ್ತಿಬಿಟ್ಟಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ನೋಟೀಸು ಹಿಂದಕ್ಕೆ ತೆಗೆದುಕೊಳ್ಳಿ, ಬರುವ ವರ್ಷವೂ ನಮ್ಮನ್ನು ಆಡಿಸಿ. ಢಾಲು ಬೇಡ, ಕೊನೆಯ ಸ್ಥಾನವನ್ನು ಬೇಕಾದರೆ ಈಗಲೇ ನಮ್ಮ ಹೆಸರಿಗೆ ಕಾದಿರಿಸಿ. ಇನ್ನು ಆ ನಲವತ್ತು ನಿಮಿಷದ ನಿಯಮ. ಅದನ್ನು ಇಷ್ಟು ಹೊತ್ತು ಬೈದೆನೆಂದು ಮನಸ್ಸು ಕರಗಿ ಎಲ್ಲಿ ಒಂದು ತಾಸು ಮಾಡಿಬಿಡುತ್ತೀರೋ ಎಂಬ ಹೆದರಿಕೆ ನನಗೆ. ದಯವಿಟ್ಟು ಒಂದು ನಿಮಿಷವನ್ನೂ ಹೆಚ್ಚಿಸಬೇಡಿ. ಸಾಧ್ಯವಾದರೆ ಹತ್ತು ನಿಮಿಷ ಕಡಿಮೆ ಮಾಡಿ.

ಇಂತಿ ತಮ್ಮ ಮಟ್ಟಕ್ಕೆ ಏರಲಾರದ,
ಸೋತ ತಂಡದ ಪಂಕ್ತಿಯಲ್ಲಿ ಕೊನೆಯ ಎಲೆಯವ,
ಕಾಂತಪ್ಪ, ಬೆಲ್ಲದ ವ್ಯಾಪಾರಿ