ಎಡೆಯಲ್ಲಿಟ್ಟ ತಂಬಾಕಿನ ಪೊಟ್ಟಣ

ಪಂಪಾಕ್ಷೇತ್ರದ ಒಡೆಯನಾದ ವಿರೂಪಾಕ್ಷನ ಪಾದಗಳಿಗೆ ಮಣಿದು, ಮಾರ್ಗಶಿರ ಬಹುಳ ಪಂಚಮಿ, ಸೋಮವಾರ, ತಾವು ಶಿವನನ್ನು ಸೇರಿದ ಎರಡನೆಯ ವರ್ಷದ ಪುಣ್ಯತಿಥಿಯಂದು, ಹೊಸಪೇಟೆಯಿಂದ.

ನನ್ನ ಅಕ್ಕನ ಕೈಹಿಡಿದ ಪೂಜ್ಯ ಭಾವನವರಿಗೆ, ಮೈದುನನಾದ ಪುರಾಣಿಕನ ಸಾಷ್ಟಾಂಗ ನಮಸ್ಕಾರಗಳು.

ಕಂಪ್ಲಿಯಲ್ಲಿ ನನ್ನ ಮಗಳ ನಿಶ್ಚಯದ ದಿನ, ಬೀಗರ ಮುಂದೆ ಬಂದ ಎಲೆ-ಅಡಿಕೆಯ ತಟ್ಟೆಯಿಂದ ತಾವು ತಂಬಾಕನ್ನಷ್ಟೇ ಎತ್ತಿ ಕಿಸೆಗೆ ಹಾಕಿಕೊಂಡದ್ದು ನೆನಪಿದೆಯೇ? ಬೀಗರು ಬೆಪ್ಪಾದರು, ನಾನು ನಾಚಿ ಕುಗ್ಗಿದೆ. ವಕೀಲರ ಕರಿಕೋಟಿನಲ್ಲಿ ಬಾಳು ಸವೆಸಿದ ತಾವು ಅಲ್ಲಿಯೂ ವಾದಕ್ಕೆ ನಿಂತಿರಿ. ತಂಬಾಕಿಗೆ ಕಡಿವಾಣ ಹಾಕಲು ಜಗತ್ತಿನ ಬಹುಪಾಲು ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡಿವೆ, ನಮ್ಮ ದೇಶವೂ ರುಜು ಹಾಕಿದೆ ಎಂದಿರಿ.

"ಸಮುದ್ರದಾಚೆ ಕುಂತವರಿಗೆ ನನ್ನ ಬಾಯಿ ಮ್ಯಾಲ ಏನ್ರೀ ಅಧಿಕಾರ?" ಎಂದೆ ನಾನು.

"ನಿನ್ನ ಬಾಯಿ ಮ್ಯಾಲ ಅಲ್ಲಲೇ ಪುರಾಣಿಕ, ಮಾರಾವನ ಬಾಯಿ ಮ್ಯಾಲ! ಅವ ವಿಷಾನ ಚಂದ ಮಾಡಿ ಹೇಳಬಾರದು. ಒಂದು ದೇಶ ಬಾಗಿಲು ಹಾಕಿದ್ರ ಇನ್ನೊಂದು ದೇಶದ ಕಿಡಕ್ಯಾಗ ಬರ್ತಾನ. ಅದಕ್ಕ ಎಲ್ಲಾರೂ ಕೂಡೇ ಹಾಕಬೇಕು."

ಪೊಟ್ಟಣದ ಮೇಲೆ ಹುಣ್ಣಾದ ಬಾಯಿಯ ಚಿತ್ರವಿರಬೇಕೆಂಬ ನಿಯಮ ನಮ್ಮಲ್ಲಿ ಬಂದಾಗ ನಾನು ಹೂಡಿದ ಉಪಾಯವನ್ನು ತಮಗೆ ತಿಳಿಸಿರಲಿಲ್ಲ. ಗ್ರಂಥದ ಪಕ್ಕದಲ್ಲಿ ಅಂಥ ಅಮಂಗಳ ಸಲ್ಲದೆಂದು, ಅಂಗಡಿಯ ಕಟ್ಟೆಯ ಮೇಲೆಯೇ ತಂಬಾಕನ್ನು ಬೆಳ್ಳಿಯ ಡಬ್ಬಿಗೆ ಸುರಿದುಕೊಂಡು, ಪೊಟ್ಟಣವನ್ನು ನೋಡದೆಯೇ ಎಸೆಯುತ್ತಿದ್ದೆ. ಅದನ್ನು ಮಡಿಯೆಂದು ನಂಬಿದ್ದೆ! ಅಷ್ಟು ದೇಶಗಳು ಕೂಡಿ ಕಳಿಸಿದ ಎಚ್ಚರಿಕೆಯನ್ನು ವರ್ಷಗಟ್ಟಲೆ ಹೊರಗೇ ನಿಲ್ಲಿಸಿದ ಈ ಮೂಢನಿಗೆ ತಾವು ಏನೆನ್ನುತ್ತಿದ್ದಿರೋ...

ಹೋದ ವರ್ಷದ ಇದೇ ತಿಥಿ. ಅಗಲಿದವರು ಇಷ್ಟಪಟ್ಟದ್ದನ್ನು ಎಡೆಗೆ ಇಡುವುದು ನಮ್ಮ ವಾಡಿಕೆಯಲ್ಲವೇ? ಹರೆಯದಲ್ಲಿ ತಾವು ತಂಬಾಕು ತಿನ್ನುತ್ತಿದ್ದುದನ್ನು ನೆನೆದು, ಎಡೆಯ ಪದಾರ್ಥ ಮೊದಲೇ ಮುಟ್ಟಿದ್ದಾಗಬಾರದೆಂದು, ಒಡೆಯದ ಪೊಟ್ಟಣವನ್ನೇ ಹೋಳಿಗೆಯ ಪಕ್ಕದಲ್ಲಿಟ್ಟೆ.

ಅಕ್ಕ ಸಿಡಿದಳು: "ಅಲ್ಲೋ ತಮ್ಮಾ, ಅವರು ಬಿಟ್ಟು ಮೂವತ್ತು ವರ್ಸ ಆತು. ಸತ್ತ ಮ್ಯಾಲ ಮತ್ತ ಚಟ ಹಚ್ಚಾಕ ಬಂದೀಯೇನು?"

ತೆಗೆಯಲು ಬಾಗಿದವನು ಆ ಚಿತ್ರವನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ನನ್ನ ಎಡಗೆನ್ನೆಯ ಒಳಗೆ ತಿಂಗಳುಗಳಿಂದ ನಾಲಿಗೆಗೆ ತಾಗುತ್ತಿದ್ದ ಒರಟು ಕಲೆ, ಖಾರ ಸೋಕಿದರೆ ಏಳುವ ಉರಿ... ಯಾರಿಗೂ ಹೇಳಿರಲಿಲ್ಲ. ಬಾಯಿಯೇ ಹೋದರೆ ಪುರಾಣಿಕನಿಗೆ ಉಳಿಯುವುದೇನು, ಭಾವನವರೇ?

"ಯಾಕೋ, ಮಾರಿ ಹಿಂಗ್ಯಾಕಾತು? ಬಾಯಿ ತಗಿ, ನೋಡೂಣು," ಎಂದಳು ಅಕ್ಕ. ಮರುದಿನವೇ ಆಸ್ಪತ್ರೆಗೆ ಎಳೆದೊಯ್ದಳು. ಕಲೆಯಿಂದ ಚೂರು ತೆಗೆದು ಪರೀಕ್ಷಿಸಿದ ವೈದ್ಯರು, "ಕ್ಯಾನ್ಸರ್ ಅಲ್ರೀ ಅಜ್ಜಾರ. ಆದ್ರ ಭಾಳ ಹತ್ರ ಹೋಗಿದ್ರಿ. ಇವತ್ತೇ ಬಿಡ್ರಿ," ಎಂದರು.

ಬಿಟ್ಟೆ. ಸುಲಭವಾಗಿತ್ತೆಂದರೆ ಸುಳ್ಳಾದೀತು. ಹಂಪಿಯಲ್ಲಿ ಪುರಾಣ ಹೇಳುವಾಗ ಪದ್ಯದ ನಡುವೆ ಕೈ ತಾನಾಗಿ, ಡಬ್ಬಿ ಸಿಕ್ಕಿಸಿಕೊಳ್ಳುತ್ತಿದ್ದ ಸೊಂಟಕ್ಕೆ ಜಾರುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಅಕ್ಕ ಗಟ್ಟಿಯಾಗಿ ಕೆಮ್ಮುತ್ತಿದ್ದಳು. ಭಕ್ತರು ಅವಳಿಗೇ ಕಷಾಯ ತಂದುಕೊಟ್ಟರು!

ತಾವು ಕೇಳದೆ ಹೋದ ಸುದ್ದಿಯಿದು: ಇಂದು ಬೆಳಿಗ್ಗೆ ವೈದ್ಯರು ದೀಪ ಹಿಡಿದು ನೋಡಿ, ಕಲೆ ಪೂರ್ತಿ ಮಾಯವಾಗಿದೆ ಎಂದರು. ಬರುವ ವಾರ ಸಂಡೂರಿನಲ್ಲಿ ನನ್ನ ಪುರಾಣ ಆರಂಭವಾಗುತ್ತದೆ. ಮೊದಲ ದಿನ, ಶಿವಕಥೆಗೂ ಮುನ್ನ, ನನ್ನ ಈ ಅವಿವೇಕವನ್ನು ಎಲ್ಲರೆದುರು ಹೇಳಿಕೊಳ್ಳುತ್ತೇನೆ. ಇದು ತಮಗೆ ಕೊಡುವ ಮಾತು.

ಭಾಷೆ ಬೇರೆಯಾದರೂ ಒಂದೆಡೆ ಕುಳಿತು ಆ ಒಪ್ಪಂದವನ್ನು ಬರೆದವರಿಗೆ, ಅವರ ಪರವಾಗಿ ನಮ್ಮೂರಲ್ಲಿ ವಾದಿಸಿದ ತಮಗೆ, ಗದರಿ ಕಾಯ್ದ ಅಕ್ಕನಿಗೆ, ಆ ವೈದ್ಯರಿಗೆ ಶಿವನು ಒಳ್ಳೆಯದನ್ನು ಮಾಡಲಿ. ತಂಬಾಕು ಬೆಳೆಯುವ, ಬೀಡಿ ಕಟ್ಟುವ ಕೈಗಳಿಗೆ ಬೇರೆ ಅನ್ನದ ದಾರಿ ತೆರೆಯಲಿ. ಇವರೆಲ್ಲರ ಮನೆಯಲ್ಲೂ ಉಣ್ಣುವವರು ನೋವಿಲ್ಲದೆ ಉಣ್ಣಲಿ.